ಗುರುತು ಯಾರಿಗೆ? ಕುಂದಾಪುರ ಸೀಮೆಯ ಆಹಾರಪದಗಳಲ್ಲಿ ಪೂರ್ವಪದದ ಚರಿತ್ರೆ

1. ಪ್ರವೇಶ

ಬೈಂದೂರಿನ ಅಡುಗೆಮನೆಯಲ್ಲಿ ಒಗ್ಗರಣೆಗೆ ನಾಲ್ಕು ‘ಬೇವಿನೆಲೆ’ ಹಾಕಲು ಹೇಳಿದರೆ ಯಾರೂ ಬೆಚ್ಚುವುದಿಲ್ಲ. ಅದೇ ಮಾತನ್ನು ಚಿತ್ರದುರ್ಗದಲ್ಲೋ ಮೈಸೂರಿನಲ್ಲೋ ಆಡಿದರೆ ಕೇಳಿದವರು ಒಂದು ಕ್ಷಣ ತಡೆಯುತ್ತಾರೆ. ಒಳನಾಡಿನವರಿಗೆ ‘ಬೇವು’ ಎಂದರೆ ಕಹಿಯಾದ ಮರ, ಒಗ್ಗರಣೆಗೆ ಬೀಳುವುದು ‘ಕರಿಬೇವು’. ಕರಾವಳಿಯಲ್ಲಿ ಒಗ್ಗರಣೆಯದೇ ‘ಬೇವು’, ಇನ್ನೊಂದು ‘ಕಹಿಬೇವು’. ಎರಡೂ ಕಡೆ ಸಸ್ಯಗಳು ಎರಡೇ, ಉತ್ತರಪದವೂ ಒಂದೇ. ವ್ಯತ್ಯಾಸವಿರುವುದು ಪೂರ್ವಪದ ಯಾವುದಕ್ಕೆ ಅಂಟಿಕೊಂಡಿದೆ ಎಂಬಲ್ಲಿ ಮಾತ್ರ.

ಇಂಥ ಸಮಾಸಗಳನ್ನು ವಿವರಿಸಲು ಆಕೃತಿಮಾ ವಿಜ್ಞಾನದ ಪಠ್ಯಗಳು ಸಾಮಾನ್ಯವಾಗಿ ಇಂಗ್ಲೆಂಡಿನ ಶರತ್ಕಾಲದ ಬೇಲಿಹಣ್ಣೊಂದನ್ನು ಮುಂದಿಡುತ್ತವೆ. ‘ಬ್ಲಾಕ್‌ಬೆರಿ’ ಎಂಬಲ್ಲಿ ‘ಕಪ್ಪು’ ಎಂಬ ಪೂರ್ವಪದ ಸ್ಪಷ್ಟವಾಗಿದೆ. ಆದರೂ ಮಾಗುವ ಮೊದಲು ಕೆಂಪಾಗಿರುವ ಕಾಯಿಯ ಹೆಸರೂ ಅದೇ. ಬಣ್ಣ ಹೇಳುತ್ತಿದ್ದ ಪದ ಜಾತಿ ಹೇಳುವ ಗುರುತಾಗಿದೆ. ‘ಕ್ರಾನ್‌ಬೆರಿ’ಯಲ್ಲಾದರೆ ಪೂರ್ವಪದಕ್ಕೆ ಇಂದಿನ ಮಾತುಗಾರರ ಪಾಲಿಗೆ ಬೇರೆ ಅರ್ಥವೇ ಉಳಿದಿಲ್ಲ. ಆ ಹಣ್ಣುಗಳನ್ನು ಎಂದೂ ಕಾಣದ ನಮ್ಮ ವಿದ್ಯಾರ್ಥಿಗಳು ಈ ಎರಡು ಉದಾಹರಣೆಗಳನ್ನು ಕಂಠಪಾಠ ಮಾಡುತ್ತಾರೆ. ಅವರ ಮನೆಯ ಊಟದಲ್ಲಿಯೇ ಇದಕ್ಕಿಂತ ಹೆಚ್ಚು ಹೇಳುವ ಸಾಮಗ್ರಿ ಇದೆ ಎಂಬುದು ನಮ್ಮ ಅನಿಸಿಕೆ.

ಈ ಲೇಖನದಲ್ಲಿ ನಾವು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕನ್ನಡದಲ್ಲಿ ಬಳಕೆಯಲ್ಲಿರುವ ಕೆಲವು ಆಹಾರಪದಗಳನ್ನು ಒಂದೇ ಪ್ರಶ್ನೆಯ ಮೂಲಕ ಪರಿಶೀಲಿಸುತ್ತೇವೆ: ಯಾವ ವಸ್ತು ಬರಿಯ ಹೆಸರಿನಿಂದ ಕರೆಸಿಕೊಳ್ಳುತ್ತದೆ, ಯಾವುದಕ್ಕೆ ಪೂರ್ವಪದದ ಗುರುತು ಬೇಕಾಗುತ್ತದೆ? ಇದು ಎಣಿಕೆಯನ್ನು ಆಧರಿಸಿದ ಕ್ಷೇತ್ರಾಧ್ಯಯನವಲ್ಲ. ಎಲ್ಲರ ಬಾಯಲ್ಲಿರುವ ಪದಗಳನ್ನು ಚರಿತ್ರೆಯ ಕ್ರಮದಲ್ಲಿ ಜೋಡಿಸಿ ನೋಡುವ ಪ್ರಯತ್ನ.

2. ಸೀಮೆ ಮತ್ತು ನುಡಿ

ಮೂರು ತಾಲ್ಲೂಕುಗಳ ಆಡಳಿತದ ಗಡಿಗಳು ಹೊಸವು; ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದದ್ದು ಇತ್ತೀಚೆಗೆ, 2018ರ ಸುಮಾರಿಗೆ. ಉಡುಪಿ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಹಿಂದೆ, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ಸೀಮೆ ದಕ್ಷಿಣ ಕನ್ನಡದೊಂದಿಗೆ ಮದರಾಸು ಪ್ರಾಂತ್ಯದಲ್ಲಿಯೇ ಉಳಿಯಿತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹೀಗೆ ಸುಮಾರು ಒಂದು ಶತಮಾನ ಬೈಂದೂರು ಮತ್ತು ಭಟ್ಕಳದ ನಡುವೆ ಪ್ರಾಂತ್ಯದ ಗಡಿಯಿತ್ತು. ಆದರೆ ಪದಗಳ ಗಡಿ ಅಲ್ಲಿ ಬೀಳಲಿಲ್ಲ. ದಕ್ಷಿಣದಲ್ಲಿ ಸೀತಾ ನದಿಯ ಆಸುಪಾಸಿನಲ್ಲಿ ತುಳು ದಟ್ಟವಾಗತೊಡಗುತ್ತದೆ. ಗಂಗೊಳ್ಳಿ, ಬಸ್ರೂರು, ಕುಂದಾಪುರ ಪೇಟೆಗಳಲ್ಲಿ ಕೊಂಕಣಿ ಇದೆ. ಶಿರೂರಿನ ಕಡೆ ನವಾಯತಿ ಇದೆ. ಈ ಸೀಮೆಯ ಕನ್ನಡ ಏಕಾಂತದಲ್ಲಿ ಬೆಳೆದ ನುಡಿಯಲ್ಲ.

ಹಳಗನ್ನಡದ ಕೆಲವು ರೂಪಗಳನ್ನು ಈ ನುಡಿ ಉಳಿಸಿಕೊಂಡಿರುವುದು ವಿದ್ವಾಂಸರಿಗೆ ತಿಳಿದದ್ದೇ. ಶಿಷ್ಟ ಕನ್ನಡದ ‘ಉಣ್ಣುವುದು’, ‘ತಿನ್ನುವುದು’ ಎಂಬುವುಗಳಿಗೆ ಇಲ್ಲಿ ‘ಉಂಬುದು’, ‘ತಿಂಬುದು’ ಎನ್ನುತ್ತಾರೆ. ಈ ಬಕಾರ ಹಳಗನ್ನಡದ ಭವಿಷ್ಯತ್ ಕೃದಂತದ ಶೇಷ. ಹವ್ಯಕ ಕನ್ನಡದಲ್ಲಿಯೂ ಇದು ಇರುವುದರಿಂದ ಕುಂದಾಪುರದ ಸ್ವಂತ ಸೊತ್ತೆಂದು ಹೇಳುವಂತಿಲ್ಲ. ಆದರೆ ಊಟದ ಕ್ರಿಯಾಪದದಲ್ಲಿಯೇ ಹಳೆಯ ರೂಪ ನಿಂತಿದೆ ಎಂಬುದನ್ನು ನೆನಪಿಡಬೇಕು; ಮುಂದೆ ಗಂಜಿಯ ಚರ್ಚೆಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

3. ಎರಡು ಹುಳಿಗಳು: ಪೂರ್ವಪದದ ಹಿಂದಿನ ಕಾಲ

ಪದದ ಆದಿಯ ಪಕಾರ ಕನ್ನಡದಲ್ಲಿ ಹಕಾರವಾಯಿತು. ಶಾಸನಗಳಲ್ಲಿ ಸುಮಾರು 10ನೆಯ ಶತಮಾನದಿಂದ ಕಾಣತೊಡಗುವ ಈ ಬದಲಾವಣೆ ಮುಂದಿನ ಕೆಲವು ಶತಮಾನಗಳಲ್ಲಿ ಪೂರ್ಣಗೊಂಡಿತು. ತುಳು ಈ ದಾರಿ ಹಿಡಿಯಲಿಲ್ಲ. ಕನ್ನಡದ ‘ಹುಳಿ’ಗೆ ತುಳುವಿನಲ್ಲಿ ‘ಪುಳಿ’ ಎಂದೇ ಇದೆ. ಎರಡು ಭಾಷೆಗಳು ತಾಗುವ ಬ್ರಹ್ಮಾವರದಂಥಲ್ಲಿ ಈ ಒಂದು ಧ್ವನಿ ಪದಗಳ ವಯಸ್ಸನ್ನೂ ಮೂಲವನ್ನೂ ಅಳೆಯುವ ಕೋಲಾಗುತ್ತದೆ.

‘ತಂಬುಳಿ’ಯನ್ನು ನೋಡೋಣ. ಒಂದೆಲಗವನ್ನೋ ಇನ್ನಾವುದಾದರೂ ಸೊಪ್ಪನ್ನೋ ಕಾಯಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸುವ ತಣ್ಣನೆಯ ಪದಾರ್ಥ ಇದು. ‘ತಣ್’ ಮತ್ತು ‘ಪುಳಿ’ ಸೇರಿ, ಪಕಾರಕ್ಕೆ ಬಕಾರ ಆದೇಶವಾಗಿ, ತಂಬುಳಿ ಆಗಿದೆ. ಕೇಶಿರಾಜ ಹೇಳುವ ಸಂಧಿಕಾರ್ಯ ಇದೇ. ‘ಕಣ್’ ಮತ್ತು ‘ಪನಿ’ ಸೇರಿದ ‘ಕಂಬನಿ’ಯೂ ಹೀಗೆಯೇ, ಬಿಡಿಯಾಗಿ ನಿಂತ ಪನಿ ಹನಿಯಾಯಿತು, ಸಮಾಸದೊಳಗಿನದು ಬನಿಯಾಗಿ ಉಳಿಯಿತು. ಪಕಾರವಿದ್ದ ಕಾಲದಲ್ಲಿ ಬೆಸೆದ ಸಮಾಸವಾದ್ದರಿಂದಲೇ ತಂಬುಳಿಗೆ ಹಕಾರ ತಗಲಲಿಲ್ಲ ಎಂದು ಹೇಳಲು ಆಧಾರವಿದೆ. ‘ಮಜ್ಜಿಗೆಹುಳಿ’ ಅದರ ನಂತರದ ಜೋಡಣೆ. ಅಲ್ಲಿ ಹುಳಿ ಹುಳಿಯಾಗಿಯೇ ಇದೆ.

ಇದರ ಪಕ್ಕದಲ್ಲಿ ‘ಪುನರ್ಪುಳಿ’ಯನ್ನು ಇಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಾಗುವ ಈ ಕೆಂಪುಹಣ್ಣಿನ ಸಿಪ್ಪೆಯನ್ನು ಮಳೆಗಾಲಕ್ಕೆ ಮುಂಚೆ ಒಣಗಿಸಿಡುತ್ತಾರೆ. ಉತ್ತರ ಕನ್ನಡದ ಕಡೆಯಿಂದ ಬಂದರೆ ಇದು ‘ಮುರುಗಲು’. ಉಡುಪಿಯ ಕಡೆಯಿಂದ ಬಂದರೆ ಪುನರ್ಪುಳಿ. ಕೊಂಕಣಿಯವರಿಗೆ ಹಣ್ಣು ‘ಬಿರಿಂಡ’, ಒಣಗಿದ ಸಿಪ್ಪೆ ‘ಸೋಲ’. ಕನ್ನಡ ಮಾತಾಡುವಾಗಲೂ ಪುನರ್ಪುಳಿ ಎನ್ನುವವರ ಬಾಯಲ್ಲಿ ಪಕಾರ ಉಳಿದಿರುವುದೇ ಅದು ತುಳುವಿನಿಂದ ಬಂದ ಪದವೆಂಬುದಕ್ಕೆ ಸಾಕ್ಷಿ. ಸ್ವಂತದ್ದಾಗಿದ್ದರೆ ಅದರ ಕೊನೆ ‘ಹುಳಿ’ ಎಂದೋ, ಸಂಧಿಯಾಗಿ ‘ಬುಳಿ’ ಎಂದೋ ಇರಬೇಕಾಗಿತ್ತು. ಅದರ ಪೂರ್ವಪದ ಮಾತ್ರ ಇಂದಿನ ಕನ್ನಡಿಗನಿಗೆ ಅಪಾರದರ್ಶಕ. ಧ್ವನಿಸಾಮ್ಯವೊಂದನ್ನೇ ನಂಬಿ ಅದನ್ನು ಸಂಸ್ಕೃತದ ‘ಪುನರ್’ ಎಂದು ಓದುವುದಕ್ಕೆ ಅರ್ಥದ ಬೆಂಬಲವಿಲ್ಲ. ಕ್ರಾನ್‌ಬೆರಿಯ ಸಮಸ್ಯೆಯನ್ನು ಕಲಿಸಲು ಈ ಒಂದು ಪದ ಸಾಕು.

ಎರಡೂ ಪದಗಳಲ್ಲಿ ಉತ್ತರಪದ ಒಂದೇ ಮೂಲದ್ದು. ಒಂದು ಸಾವಿರ ವರ್ಷದ ಹಿಂದಿನ ಕನ್ನಡದ್ದು, ಇನ್ನೊಂದು ಹೊಳೆಯಾಚೆಯದು. ಊಟದೆಲೆಯಲ್ಲಿ ಅವು ಅಕ್ಕಪಕ್ಕ ಬೀಳುತ್ತವೆ.

4. ಹಡಗಿನಲ್ಲಿ ಬಂದವು

ಬಾರಕೂರು ಮತ್ತು ಬಸ್ರೂರು ಮಧ್ಯಯುಗದ ಪ್ರಸಿದ್ಧ ಬಂದರುಗಳು. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಬಾರಕೂರನ್ನು ಕಂಡು ಅಲ್ಲಿಯ ಕಬ್ಬನ್ನು ಹೊಗಳಿದ. 16ನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಈ ಎರಡೂ ಬಂದರುಗಳಿಂದ ಅಕ್ಕಿ ಹೊರಗೆ ಹೋಗುತ್ತಿದ್ದುದನ್ನು ದಾಖಲಿಸಿದ. 1569ರ ಸುಮಾರಿಗೆ ಪೋರ್ಚುಗೀಸರು ಬಸ್ರೂರಿನ ಹೊಳೆಬಾಯಿಯ ಕಡೆ ಕೋಟೆ ಕಟ್ಟಿದರು. ಗೋವೆಗೆ ಇಲ್ಲಿಯ ಅಕ್ಕಿ ಬೇಕಾಗಿತ್ತು. ಅಕ್ಕಿ ಹೊರಗೆ ಹೋದ ಇದೇ ಸಮುದ್ರಮಾರ್ಗಗಳಲ್ಲಿ ಹೊಸ ಬೆಳೆಗಳು ಕರಾವಳಿಗೆ ಬಂದವು. ಅವುಗಳಿಗೆ ಹೆಸರಿಡುವ ಕೆಲಸ ಎರಡು ಬಗೆಯಲ್ಲಿ ನಡೆಯಿತು.

ಮೊದಲನೆಯ ಬಗೆ, ವಸ್ತುವಿನೊಂದಿಗೆ ಹೆಸರನ್ನೂ ಇಳಿಸಿಕೊಳ್ಳುವುದು. ಒಳನಾಡಿನ ‘ಆಲೂಗಡ್ಡೆ’ ಕರಾವಳಿಯಲ್ಲಿ ‘ಬಟಾಟೆ’. ಒಳನಾಡಿನ ‘ಸೀಬೆ’ ಇಲ್ಲಿ ‘ಪೇರಳೆ’. ಪೋರ್ಚುಗೀಸರಲ್ಲಿ ‘ಪೇರಾ’ ಎಂಬುದು ಮರಸೇಬಿನ ಹೆಸರು, ಅದು ಇಲ್ಲಿ ಅಮೆರಿಕದಿಂದ ಬಂದ ಬೇರೊಂದು ಹಣ್ಣಿಗೆ ಅಂಟಿತು. ಪೇರಳೆಯ ಆದಿಯ ಪಕಾರವನ್ನು ಗಮನಿಸಬೇಕು. ಪಕಾರ ಹಕಾರವಾದ ಕಾಲಕ್ಕಿಂತ ಈಚಿನ ಅತಿಥಿ ಇದೆಂಬುದನ್ನು ಅದರ ಮೊದಲ ಅಕ್ಷರವೇ ಸೂಚಿಸುತ್ತದೆ.

ಎರಡನೆಯ ಬಗೆ, ಮನೆಯಲ್ಲಿದ್ದ ಹೆಸರಿಗೆ ಗುರುತು ಕಟ್ಟಿ ಹೊಸದಕ್ಕೆ ಕೊಡುವುದು. ಪೆಸಿಫಿಕ್ ದ್ವೀಪಗಳ ಮೂಲದ ಬ್ರೆಡ್‌ಫ್ರೂಟ್ ಇಲ್ಲಿ ‘ಜೀಗುಜ್ಜೆ’ ಅಥವಾ ‘ದೀಗುಜ್ಜೆ’. ‘ಗುಜ್ಜೆ’ ಎಂದರೆ ಎಳೆಯ ಹಲಸು. ಕನ್ನಡದಲ್ಲಿ ಇದೇ ಕಾಯಿಗೆ ‘ದೀವಿ ಹಲಸು’ ಎಂಬ ಹೆಸರಿದೆ. ಕೊಂಕಣಿಯಲ್ಲಿ ‘ಜೀವ್‌ಕಡ್ಗಿ’, ಅಲ್ಲಿ ‘ಕಡ್ಗಿ’ ಎಂದರೆ ಎಳೆಹಲಸು. ಮೂರನ್ನೂ ಒಟ್ಟಿಗಿಟ್ಟಾಗ ‘ದ್ವೀಪದ ಎಳೆಹಲಸು’ ಎಂಬ ಒಂದೇ ಕಲ್ಪನೆ ಮೂರು ಭಾಷೆಗಳಲ್ಲಿ ಪಡಿಮೂಡಿರುವುದು ಕಾಣುತ್ತದೆ. ದಕಾರ ಈಕಾರದ ಮುಂದೆ ತಾಲವ್ಯವಾಗಿ ಜಕಾರವಾದಾಗ ದ್ವೀಪ ಮರೆಯಾಯಿತು. ಜೀಗುಜ್ಜೆ ಪೋಡಿ ತಿನ್ನುವವರಿಗೆ ಅಲ್ಲೊಂದು ದ್ವೀಪವಿದೆ ಎಂಬ ಸುಳಿವು ಸಿಗದು.

ಇನ್ನೂ ಮುಖ್ಯವಾದ ಉದಾಹರಣೆ ಮೆಣಸಿನದು. ‘ಮೆಣಸು’ ಮೂಲದಲ್ಲಿ ಪಶ್ಚಿಮಘಟ್ಟದ ಬಳ್ಳಿಯ ಕಾಳು. ಅಮೆರಿಕದ ಖಾರದ ಕಾಯಿ ಬಂದಾಗ ಅದು ‘ಮೆಣಸಿನಕಾಯಿ’ ಆಯಿತು. ಹೊಸದಕ್ಕೆ ಗುರುತು, ಹಳೆಯದಕ್ಕೆ ಬರಿಯ ಹೆಸರು. ಹಳೆಯ ಮೈಸೂರಿನ ಕಡೆ ಈ ವ್ಯವಸ್ಥೆ ಬಹುಮಟ್ಟಿಗೆ ಹಾಗೆಯೇ ಇದೆ. ಕರಾವಳಿಯಲ್ಲಿ ಇನ್ನೊಂದು ಹೆಜ್ಜೆ ನಡೆಯಿತು. ಇಲ್ಲಿ ‘ಮೆಣಸು’ ಎಂದರೆ ಖಾರದ ಕಾಯಿಯೇ: ಹಸಿಮೆಣಸು, ಒಣಮೆಣಸು, ಮೆಣಸಿನ ಹುಡಿ. ಹಳೆಯ ಕಾಳಿಗೆ ಗುರುತು ಬೇಕಾಯಿತು. ಅದು ‘ಒಳ್ಳೆಮೆಣಸು’ ಆಯಿತು. ತುಳುವಿನ ‘ಎಡ್ಡೆಮುಂಚಿ’, ಮಲಯಾಳದ ‘ನಲ್ಲಮುಳಕ್’ ಎಂಬುವೂ ಇದೇ ಅರ್ಥದವು. ತೀರದುದ್ದಕ್ಕೂ ಮೂರು ಭಾಷೆಗಳು ಹಳೆಯ ಒಡೆಯನನ್ನು ‘ಒಳ್ಳೆಯದು’ ಎಂದು ಕರೆದು ಬದಿಗೆ ಕೂರಿಸಿದವು.

ಈ ಬಗೆಯ ಅದಲುಬದಲು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ವಿಟ್ಕೋವ್‌ಸ್ಕಿ ಮತ್ತು ಬ್ರೌನ್ 1983ರಲ್ಲಿ ಇದನ್ನು ಗುರುತಿನ ಪಲ್ಲಟವೆಂದು ವಿವರಿಸಿದರು. ಅವರು ಚರ್ಚಿಸಿದ ಪ್ರಸಿದ್ಧ ನಿದರ್ಶನ ಮೆಕ್ಸಿಕೊದ ತೆನೆಹಾಪಾದ ತ್ಸೆಲ್ತಾಲ್ ಭಾಷೆಯದು. ಅಲ್ಲಿ ಜಿಂಕೆಯ ಹೆಸರಿಗೆ ‘ಹತ್ತಿ’ ಎಂಬ ಗುರುತು ಸೇರಿಸಿ, ಸ್ಪೇನಿನವರು ತಂದ ಕುರಿಯನ್ನು ಕರೆದರು. ಕುರಿ ಮನೆಮಾತಾದಂತೆ ಗುರುತು ಕಳಚಿ ಬರಿಯ ಹೆಸರು ಕುರಿಗೆ ಸಂದಿತು, ಜಿಂಕೆ ‘ಕಾಡಿನ’ ಎಂಬ ಗುರುತು ಹೊತ್ತಿತು. ದಿನನಿತ್ಯದ ಬದುಕಿನಲ್ಲಿ ಯಾವುದರ ಮಹತ್ವ ಹೆಚ್ಚಿತೋ ಅದು ಬರಿಯ ಹೆಸರನ್ನು ಪಡೆಯುತ್ತದೆ ಎಂಬುದು ಅವರ ಸೂತ್ರ. ಕರಾವಳಿಯ ಮೆಣಸಿಗೆ ಇದನ್ನು ಅನ್ವಯಿಸಿದರೆ, ಕಾಳುಮೆಣಸು ಬಂದರಿಗೆ ಹೋಗುವ ಸರಕಾಗಿಯೂ ಹೊಸ ಮೆಣಸು ದಿನದ ಅರೆಯುವ ಕಲ್ಲಿನ ವಸ್ತುವಾಗಿಯೂ ಬೇರ್ಪಟ್ಟಿರಬೇಕು ಎಂದು ನಾವು ಊಹಿಸುತ್ತೇವೆ.

5. ಬರಿಯ ಹೆಸರಿನ ಒಡೆತನ

ಹೊರಗಿನಿಂದ ಬಂದ ವಸ್ತುಗಳಲ್ಲಿ ಮಾತ್ರವಲ್ಲ, ಕನ್ನಡನಾಡಿನೊಳಗಿನ ಎರಡು ಸೀಮೆಗಳ ನಡುವೆಯೂ ಗುರುತು ಅತ್ತಿತ್ತ ಸರಿದಿದೆ. ಬೇವಿನ ವಿಷಯವನ್ನು ಆರಂಭದಲ್ಲಿ ಹೇಳಿದೆವು. ಒಣನಾಡಿನಲ್ಲಿ ಊರೂರಿಗೂ ಇರುವ ಕಹಿಬೇವು ಮಳೆ ಹೆಚ್ಚಿರುವ ಕರಾವಳಿಯಲ್ಲಿ ಅಷ್ಟು ಸಾಮಾನ್ಯವಲ್ಲ. ಹಿತ್ತಿಲಲ್ಲಿ ಇರುವುದು ಒಗ್ಗರಣೆಯ ಗಿಡ.

‘ಸೌತೆಕಾಯಿ’ಯದೂ ಇದೇ ಕಥೆ. ಬೆಂಗಳೂರಿನಲ್ಲಿ ಸೌತೆ ಎಂದರೆ ಹಸಿಯಾಗಿ ತಿನ್ನುವುದು. ಬೇಯಿಸುವ ದಪ್ಪ ತಿರುಳಿನ ಕಾಯಿ ‘ಮಂಗಳೂರು ಸೌತೆ’. ಕುಂದಾಪುರದಲ್ಲಿ ಸೌತೆ ಎಂದರೆ ಬೇಯಿಸುವುದೇ. ಬೇಸಿಗೆಯಲ್ಲಿ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿ, ಮಳೆಗಾಲದುದ್ದಕ್ಕೂ ಬಳಸುವ ಕಾಯಿ ಅದು. ಹಸಿಯಾಗಿ ತಿನ್ನುವುದಕ್ಕೆ ‘ಮುಳ್ಳುಸೌತೆ’ ಎಂಬ ಗುರುತು ಬೇಕು. ತರಕಾರಿ ಸಿಗದ ತಿಂಗಳುಗಳನ್ನು ದಾಟಿಸಿದ ಕಾಯಿಗೆ ಬರಿಯ ಹೆಸರು ಸಂದಿದೆ.

ಅಕ್ಕಿಯಲ್ಲಿ ವ್ಯವಸ್ಥೆ ಬೇರೆ. ಒಳನಾಡಿನಲ್ಲಿ ‘ಅಕ್ಕಿ’ ಎಂದರೆ ಬಿಳಿಯ ಅಕ್ಕಿ ಎಂದು ತಾನಾಗಿ ಅರ್ಥವಾಗುತ್ತದೆ. ಇಲ್ಲಿ ಎರಡಕ್ಕೂ ಗುರುತುಂಟು: ‘ಕುಚ್ಚಲಕ್ಕಿ’ ಮತ್ತು ‘ಬೆಳ್ತಿಗೆ ಅಕ್ಕಿ’. ಕುಚ್ಚು ಎಂದರೆ ಬೇಯಿಸು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ್ದು ಕುಚ್ಚಲಕ್ಕಿ. ಬೇಯಿಸದೆ ಕುಟ್ಟಿದ್ದು ಬೆಳ್ತಿಗೆ. ಅದರ ಮೂಲ ‘ಬೆಳ್’, ಬಿಳುಪು. ತುಳುವಿನ ‘ಬೊಳಂತೆ’ಯಲ್ಲಿಯೂ ಇದೇ ಧಾತು, ಓಷ್ಠ್ಯದ ನಂತರದ ಎಕಾರ ಒಕಾರವಾಗಿದೆ, ಕನ್ನಡದ ‘ಬೆಳ್ಳಿ’ಗೆ ತುಳು ‘ಬೊಳ್ಳಿ’ ಎಂದಂತೆ. ಕೊಂಕಣಿಯಲ್ಲಿ ಬೇಯಿಸಿದ ಅಕ್ಕಿ ‘ಉಕಡೆ’. ಅಲ್ಲಿಯೂ ಗುರುತು ಬೇಯಿಸುವ ಕ್ರಿಯೆಯದೇ. ಮೂರೂ ಭಾಷೆಗಳು ಅಕ್ಕಿಯನ್ನು ಸಂಸ್ಕರಣದ ಮೇಲೆ ಎರಡಾಗಿ ಒಡೆದಿವೆ. ದಿನದ ಗಂಜಿಗೆ ಒಂದು, ದೋಸೆಗೂ ಹಬ್ಬದ ಅಡುಗೆಗೂ ಇನ್ನೊಂದು ಎಂಬ ಬಳಕೆಯ ಭೇದವೇ ಇದರ ಬೆನ್ನಿಗಿದೆ.

‘ಗಂಜಿ’ಯಲ್ಲಿ ಗುರುತೇ ಇಲ್ಲ, ಆದರೂ ಅರ್ಥ ಬೇರೆ. ಒಳನಾಡಿನಲ್ಲಿ ಗಂಜಿಯನ್ನು ‘ಕುಡಿಯುತ್ತಾರೆ’. ಅದು ತೆಳ್ಳನೆಯದು, ಹೆಚ್ಚಾಗಿ ಕಾಯಿಲೆಯವರದು. ಕುಂದಾಪುರದಲ್ಲಿ ಗಂಜಿ ‘ಉಂಬುದು’. ಅಗುಳು ಬಿಡಿಯಾಗಿರುವ ಕುಚ್ಚಲಕ್ಕಿಯ ಊಟ ಅದು, ಮೇಲಿನ ನೀರಿಗೆ ‘ತೆಳಿ’ ಎಂಬ ಬೇರೆ ಹೆಸರುಂಟು. ನಾಮಪದ ಎರಡೂ ಕಡೆ ಒಂದೇ. ವ್ಯತ್ಯಾಸ ಗೊತ್ತಾಗುವುದು ಕ್ರಿಯಾಪದದಿಂದ. ಉಣ್ಣುವುದು ಮತ್ತು ತಿನ್ನುವುದರ ಭೇದವನ್ನು ತುಳುವೂ ಅದೇ ಧಾತುಗಳಿಂದ ಕಾಯ್ದುಕೊಂಡಿದೆ. ಕೊಂಕಣಿ ‘ಜೇವ್’ ಮತ್ತು ‘ಖಾ’ ಧಾತುಗಳಿಂದ ಕಾಯ್ದುಕೊಂಡಿದೆ. ಗಂಜಿ ಇಲ್ಲಿ ಊಟದ ಬದಿಯಲ್ಲಿದೆ, ಪಾನೀಯದ ಬದಿಯಲ್ಲಲ್ಲ.

ಮಳೆ ಕಡಿಮೆಯಾಗಿ ಶರತ್ಕಾಲ ಬರುವಾಗ ಗದ್ದೆಯಿಂದ ಕದಿರು ತಂದು ಮನೆಗೆ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಆ ಊಟದ ಹೆಸರು ‘ಹೊಸ್ತು’. ತುಳುವಿನಲ್ಲಿ ‘ಪುದ್ವಾರ್’, ಅಲ್ಲಿಯೂ ಮೊದಲಿಗಿರುವುದು ಹೊಸತೆಂಬ ಅರ್ಥ. ‘ಹೊಸ್ತು’ ಎಂಬಲ್ಲಿ ಗುರುತು ಮಾತ್ರ ಉಳಿದಿದೆ, ಉತ್ತರಪದವೇ ಇಲ್ಲ. ಹೊಸತು ಯಾವುದು ಎಂದು ಯಾರೂ ಕೇಳಬೇಕಾಗಿಲ್ಲದ ಕಡೆ ಅಕ್ಕಿಯ ಹೆಸರನ್ನು ಹೇಳುವ ಅಗತ್ಯವೂ ಇರಲಿಲ್ಲ.

6. ಇಂದಿನ ಪಲ್ಲಟ

ಈ ಚರಿತ್ರೆ ಮುಗಿದುಹೋದದ್ದಲ್ಲ. ಶಿಷ್ಟ ಕನ್ನಡ ಶಾಲೆಯ ಪುಸ್ತಕದ ಮೂಲಕ, ಅಂಗಡಿಯ ಚೀಟಿಯ ಮೂಲಕ, ಸರ್ಕಾರದ ಆದೇಶದ ಮೂಲಕ ಕರಾವಳಿಗೆ ಬರುತ್ತದೆ. ಬರುವಾಗ ತನ್ನ ಬರಿಯ ಹೆಸರುಗಳನ್ನು ತರುತ್ತದೆ. ಪಡಿತರದಲ್ಲಿ ಕುಚ್ಚಲಕ್ಕಿಯನ್ನೇ ಕೊಡಬೇಕೆಂಬ ಬೇಡಿಕೆ ಕರಾವಳಿಯ ಜಿಲ್ಲೆಗಳಲ್ಲಿ ಹಲವು ವರ್ಷ ಕೇಳಿಬಂದದ್ದನ್ನು ಭಾಷಾವಿಜ್ಞಾನದ ಘಟನೆಯಾಗಿಯೂ ಓದಬಹುದು. ಆದೇಶದಲ್ಲಿ ‘ಅಕ್ಕಿ’ ಎಂಬ ಒಂದು ಪದವಿತ್ತು. ಒಳನಾಡಿನ ಕನ್ನಡದಲ್ಲಿ ಅದರ ಅರ್ಥ ಸ್ಪಷ್ಟವಾಗಿತ್ತು. ಕರಾವಳಿಯವರಿಗೆ ಅದು ಅರ್ಧ ಪದ. ಯಾವ ಅಕ್ಕಿ ಎಂಬುದು ಹೇಳದೇ ಉಳಿದಿತ್ತು. ಗಂಜಿಯ ಊಟ ನಿಂತಿರುವುದು ಆ ಪೂರ್ವಪದದ ಮೇಲೆ.

ಇನ್ನೊಂದು ಪಲ್ಲಟ ಹೋಟೆಲಿನ ಪಟ್ಟಿಯಲ್ಲಿ ನಡೆಯುತ್ತಿದೆ. ಮನೆಯಲ್ಲಿ ‘ಕೋಳಿ ಸಾರು’ ಆಗಿದ್ದದ್ದು ದೊಡ್ಡ ನಗರಗಳಲ್ಲಿ ‘ಕುಂದಾಪುರ ಚಿಕನ್’ ಆಗುತ್ತದೆ. ಊರಿನ ಹೆಸರು ಪೂರ್ವಪದವಾಗುವುದು ಊರಿನ ಹೊರಗೆ ನಿಂತವರ ದೃಷ್ಟಿಯಿಂದ. ಇದು ಮಾರಾಟಕ್ಕೆ ನೆರವಾದೀತು, ಊರಿಗೆ ಹೆಮ್ಮೆಯೂ ಆದೀತು. ಆದರೆ ಆ ಊರಿನವರೇ ತಮ್ಮ ಸಾರನ್ನು ‘ಕುಂದಾಪುರದ್ದು’ ಎಂದೂ ತಮ್ಮ ಸೌತೆಯನ್ನು ‘ಮಂಗಳೂರಿನದು’ ಎಂದೂ ಕರೆಯತೊಡಗಿದ ದಿನ, ಬರಿಯ ಹೆಸರಿನ ಒಡೆತನ ಬೇರೆಡೆಗೆ ಹೋಗಿರುತ್ತದೆ.

ಕುಂದಾಪುರ ಕನ್ನಡದ ಬಗ್ಗೆ ಈಗ ಹೊಸ ಎಚ್ಚರವಿದೆ. ಪಂಜು ಗಂಗೊಳ್ಳಿಯವರ ಸಂಪಾದಕತ್ವದಲ್ಲಿ ಕುಂದಾಪ್ರ ಕನ್ನಡದ ನಿಘಂಟು ಬಂದಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಪೀಠವಿದೆ. ಆಸಾಡಿ ಅಮಾವಾಸ್ಯೆಯಂದು ಕುಂದಾಪ್ರ ಕನ್ನಡ ದಿನ ಆಚರಣೆಯಾಗುತ್ತಿದೆ. ಮುಂದಿನ ಸಂಗ್ರಹಕಾರ್ಯಕ್ಕಾಗಿ ಒಂದು ಮಾತನ್ನು ಸೇರಿಸಬಯಸುತ್ತೇವೆ. ಉಪಭಾಷೆಯ ಪದಸಂಗ್ರಹ ಎಂದರೆ ಶಿಷ್ಟ ಭಾಷೆಯಲ್ಲಿ ಇಲ್ಲದ ಪದಗಳ ಪಟ್ಟಿ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಆ ಜರಡಿಯಲ್ಲಿ ಜೀಗುಜ್ಜೆ ನಿಲ್ಲುತ್ತದೆ, ಬೆಳ್ತಿಗೆ ನಿಲ್ಲುತ್ತದೆ. ಬೇವು, ಸೌತೆ, ಮೆಣಸು, ಅಕ್ಕಿ, ಗಂಜಿ ಕೆಳಗೆ ಬಿದ್ದುಹೋಗುತ್ತವೆ. ಅವು ಶಿಷ್ಟ ಕನ್ನಡದಲ್ಲಿಯೂ ಇವೆಯಲ್ಲ ಎಂಬುದೇ ಕಾರಣ. ರೂಪ ಒಂದೇ ಆಗಿ ಅರ್ಥ ಬೇರೆಯಾಗಿರುವ ಈ ಪದಗಳೇ ಮೊದಲು ಕಳೆದುಹೋಗುವವು. ಅಪರೂಪದ ಪದ ಮರೆತರೆ ಮರೆತದ್ದು ಗೊತ್ತಾಗುತ್ತದೆ. ಸೌತೆಯ ಅರ್ಥ ಬದಲಾದರೆ ಪದ ಉಳಿದೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಸಂಗ್ರಹಕಾರರು ಪ್ರತಿಯೊಂದು ಆಹಾರಪದಕ್ಕೂ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಗುರುತಿಲ್ಲದೆ ಹೇಳಿದಾಗ ಮನೆಯವರು ಯಾವ ವಸ್ತುವನ್ನು ತಂದುಕೊಡುತ್ತಾರೆ? ಅದರ ಜೋಡಿಯನ್ನು ಯಾವ ಗುರುತಿನಿಂದ ಬೇರ್ಪಡಿಸುತ್ತಾರೆ? ಅದನ್ನು ಉಣ್ಣುತ್ತಾರೋ, ತಿನ್ನುತ್ತಾರೋ, ಕುಡಿಯುತ್ತಾರೋ? ಇದೇ ಪ್ರಶ್ನೆಗಳನ್ನು ಒಂದೇ ಮನೆಯ ಅಜ್ಜಿಗೂ ಮೊಮ್ಮಗಳಿಗೂ ಬೇರೆಬೇರೆಯಾಗಿ ಕೇಳಬೇಕು. ‘ಹಿತ್ತಿಲಿಂದ ಬೇವು ತಾ’ ಎಂದಾಗ ಇಬ್ಬರೂ ಒಂದೇ ಗಿಡದ ಬಳಿಗೆ ಹೋಗುತ್ತಾರೆಯೇ ಎಂಬುದು ಸಂಶೋಧಕರು ಬರೆದಿಟ್ಟುಕೊಳ್ಳಬೇಕಾದ ಸಂಗತಿ.